ಬೇರು–ಶಿಲೀಂಧ್ರಗಳ ಕಥೆಯಲ್ಲಿ ಅಣುಗಳಿಗೂ ಜಾಗ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಕಾಡಿನ ಮರಗಳು ನೆಲದಡಿಯ ಶಿಲೀಂಧ್ರಗಳ ಮೂಲಕ ಪರಸ್ಪರ ಮಾತನಾಡಿಕೊಳ್ಳುತ್ತವೆ, ತಾಯಿಮರಗಳು ಈ ಜಾಲದ ಮೂಲಕ ತಮ್ಮ ಸಸಿಗಳಿಗೆ ಆಹಾರ ಕಳಿಸುತ್ತವೆ ಎಂಬ ಬರಹಗಳು ಕೆಲವು ವರ್ಷಗಳಿಂದ ಪತ್ರಿಕೆಗಳ ವಿಜ್ಞಾನ ಅಂಕಣಗಳಲ್ಲಿಯೂ ಪುರವಣಿಗಳಲ್ಲಿಯೂ ಮೇಲಿಂದ ಮೇಲೆ ಬರುತ್ತಿವೆ. ಮಣ್ಣಿನೊಳಗಿನ ಜೀವಿಗಳ ಬಗ್ಗೆ ಸಾಮಾನ್ಯ ಓದುಗರಲ್ಲಿ ಆಸಕ್ತಿ ಹುಟ್ಟಿಸಿದ್ದಕ್ಕಾಗಿ ಇಂಥ ಬರಹಗಳಿಗೆ ನಾವು ಋಣಿಗಳು. ಆದರೆ ಸಸ್ಯವಿಜ್ಞಾನ ಪಾಠ ಹೇಳುವ ನನಗೆ ಇವನ್ನು ಓದಿದಾಗಲೆಲ್ಲ ಒಂದು ಕೊರತೆ ಎದ್ದು ಕಾಣುತ್ತದೆ. ಈ ಸಂಬಂಧದಲ್ಲಿ ಯಾವ ಭಾಗ ಇನ್ನೂ ಚರ್ಚೆಯಲ್ಲಿದೆಯೋ ಅದನ್ನೇ ಖಚಿತವೆಂಬಂತೆ ಹೇಳಲಾಗುತ್ತಿದೆ. ಯಾವ ಭಾಗ ಕಳೆದ ಎರಡು ದಶಕಗಳ ಪ್ರಯೋಗಗಳಿಂದ ಗಟ್ಟಿಯಾಗಿ ನಿಂತಿದೆಯೋ, ಅಂದರೆ ಬೇರು ಮತ್ತು ಶಿಲೀಂಧ್ರ ಒಂದನ್ನೊಂದು ಗುರುತಿಸುವ, ಒಳಗೆ ಬಿಟ್ಟುಕೊಳ್ಳುವ, ಉಣಿಸುವ, ಬೇಡವಾದಾಗ ತಡೆಯುವ ಅಣುಮಟ್ಟದ ವ್ಯವಹಾರ, ಅದು ಓದುಗರನ್ನು ತಲುಪುತ್ತಲೇ ಇಲ್ಲ. ಅದರತ್ತ ತಮ್ಮ ಗಮನ ಸೆಳೆಯುವುದಕ್ಕಾಗಿ ಈ ಪತ್ರ.

ಮೊದಲು ವಿವಾದದ ಮಾತು. 1997ರಲ್ಲಿ ಸುಜಾನ್ ಸಿಮಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳಿಗೆ ಇಂಗಾಲದ ಎರಡು ಬೇರೆ ಬೇರೆ ಐಸೋಟೋಪುಗಳನ್ನು (ಒಂದೇ ಧಾತುವಿನ, ತೂಕ ಬೇರೆಯಾದ ರೂಪಗಳನ್ನು) ಉಣಿಸಿ, ಒಂದು ಸಸಿ ಹೀರಿದ ಇಂಗಾಲ ನೆರೆಯ ಸಸಿಯಲ್ಲಿ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಅದು ಮಹತ್ವದ ಪ್ರಯೋಗ. ಆದರೆ ಅಲ್ಲಿಂದ ಹೊರಟ ಕಥೆ ಪ್ರಯೋಗ ಹೇಳಿದ್ದಕ್ಕಿಂತ ಬಹಳ ದೂರ ಸಾಗಿಬಿಟ್ಟಿತು. 2023ರಲ್ಲಿ ಜಸ್ಟಿನ್ ಕಾರ್ಸ್ಟ್, ಮೆಲಾನಿ ಜೋನ್ಸ್ ಮತ್ತು ಜೇಸನ್ ಹೋಕ್ಸೆಮಾ ಅದುವರೆಗಿನ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ, ಮರಗಳನ್ನು ಒಂದಕ್ಕೊಂದು ಬೆಸೆಯುವ ಇಂಥ ಶಿಲೀಂಧ್ರ ಜಾಲಗಳು ಕಾಡುಗಳಲ್ಲಿ ಎಲ್ಲೆಡೆ ಹರಡಿವೆ ಎನ್ನುವುದಕ್ಕೆ ಪುರಾವೆ ಸಾಲದು, ದೊಡ್ಡ ಮರಗಳು ತಮ್ಮದೇ ಸಂತಾನವನ್ನು ಗುರುತಿಸಿ ಅದಕ್ಕೇ ಹೆಚ್ಚು ಕಳಿಸುತ್ತವೆ ಎನ್ನುವುದಕ್ಕೆ ಕಾಡಿನಲ್ಲಿ ನಡೆದ ಅಧ್ಯಯನಗಳ ಬೆಂಬಲವೇ ಇಲ್ಲ ಎಂದು ಬರೆದರು. ಇವರಲ್ಲಿ ಮೆಲಾನಿ ಜೋನ್ಸ್ 1997ರ ಆ ಮೂಲ ಪ್ರಬಂಧದ ಲೇಖಕರಲ್ಲೇ ಒಬ್ಬರು ಎಂಬುದನ್ನು ಓದುಗರು ಗಮನಿಸಬೇಕು. ತಾವೇ ಪಾಲ್ಗೊಂಡ ಕೆಲಸದ ಸುತ್ತ ಬೆಳೆದ ಉತ್ಪ್ರೇಕ್ಷೆಯನ್ನು ತಿದ್ದಲು ಮುಂದಾಗುವುದು ವಿಜ್ಞಾನದಲ್ಲೂ ಅಪರೂಪದ ಪ್ರಾಮಾಣಿಕತೆ.

ಮರದಿಂದ ಮರಕ್ಕೆ ಏನು ಹೋಗುತ್ತದೆ ಎಂಬುದನ್ನು ಪಕ್ಕಕ್ಕಿಟ್ಟು, ಒಂದು ಬೇರು ಮತ್ತು ಒಂದು ಶಿಲೀಂಧ್ರದ ನಡುವೆ ಏನು ನಡೆಯುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಇನ್ನಷ್ಟು ಬೆರಗಿನದು. ಈ ಜೋಡಿಗೆ ಮೈಕೊರೈಜಾ ಎಂಬ ಹೆಸರಿಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್, 1885ರಲ್ಲಿ. ನೆಲದ ಮೇಲಿನ ಸಸ್ಯಪ್ರಭೇದಗಳಲ್ಲಿ ಬಹುಪಾಲು ಯಾವುದಾದರೊಂದು ಬಗೆಯ ಮೈಕೊರೈಜಾ ಕಟ್ಟಿಕೊಂಡೇ ಬದುಕುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕಿದ, ಸುಮಾರು 40 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ, ನಿಜವಾದ ಬೇರು ಇನ್ನೂ ವಿಕಾಸಗೊಳ್ಳದಿದ್ದ ಸಸ್ಯಗಳ ಕೋಶಗಳೊಳಗೂ ಈ ಶಿಲೀಂಧ್ರದ ಕವಲುಗಳು ಅಚ್ಚಳಿಯದೆ ಉಳಿದಿವೆ. ಮರಗಳಲ್ಲಿ ಮುಖ್ಯವಾಗಿ ಎರಡು ಬಗೆ. ತೇಗ, ಮೇಪಲ್, ಸೇಬು ಮುಂತಾದವುಗಳಲ್ಲಿ ಶಿಲೀಂಧ್ರದ ಎಳೆ ಬೇರಿನ ಕೋಶಭಿತ್ತಿಯನ್ನು ದಾಟಿ ಒಳಗೆ ಪುಟ್ಟ ಮರದಂತೆ ಕವಲೊಡೆಯುತ್ತದೆ. ಈ ಕವಲಿನ ರಚನೆಗೆ ಅರ್ಬಸ್ಕ್ಯೂಲ್ ಎಂದು ಹೆಸರು. ಪೈನ್, ಓಕ್, ಬೀಚ್, ಬರ್ಚ್‌ಗಳಲ್ಲಿ ಅದು ಕೋಶದೊಳಗೆ ಹೋಗುವುದಿಲ್ಲ. ಬೇರಿನ ತುದಿಗೆ ಹೊದಿಕೆಯಂತೆ ಸುತ್ತಿಕೊಂಡು, ಹೊರಗಿನ ಕೋಶಗಳ ನಡುವಿನ ಸಂದುಗಳಲ್ಲಿ ಹಾರ್ಟಿಗ್ ಜಾಲ ಎಂಬ ಬಲೆಯನ್ನು ನೇಯುತ್ತದೆ.

ಮೊದಲ ಬಗೆಯಲ್ಲಿ ವ್ಯವಹಾರ ಶುರುವಾಗುವುದು ಬೇರು ಮತ್ತು ಎಳೆ ಒಂದನ್ನೊಂದು ಮುಟ್ಟುವುದಕ್ಕೆ ಮೊದಲೇ. ಮಣ್ಣಿನಲ್ಲಿ ರಂಜಕದ ಕೊರತೆಯಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ಅಣುಗಳನ್ನು ಹೆಚ್ಚಾಗಿ ಹೊರಸೂಸುತ್ತದೆ. ಕ್ಯಾರೋಟಿನಾಯ್ಡ್ ವರ್ಣದ್ರವ್ಯವನ್ನು ಕತ್ತರಿಸಿ ಸಸ್ಯ ಇದನ್ನು ತಯಾರಿಸಿಕೊಳ್ಳುತ್ತದೆ. ಇದರ ಪತ್ತೆಯ ಚರಿತ್ರೆಯೇ ವಿಚಿತ್ರ. 1966ರಲ್ಲಿ ಹತ್ತಿಯ ಬೇರಿನ ಸ್ರಾವದಲ್ಲಿ ಈ ಗುಂಪಿನ ಮೊದಲ ಅಣು ಸಿಕ್ಕಿದಾಗ, ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜವನ್ನು ಮೊಳೆಯಿಸುವುದು ಇದರ ಕೆಲಸ ಎಂದಷ್ಟೇ ತಿಳಿದುಬಂದಿತ್ತು. ತನ್ನನ್ನು ಹೀರುವ ಶತ್ರುವಿಗೆ ಸಸ್ಯ ತಾನೇ ಏಕೆ ಸುಳಿವು ಕೊಡುತ್ತದೆ ಎಂಬ ಪ್ರಶ್ನೆಗೆ ಸುಮಾರು ನಾಲ್ಕು ದಶಕ ಉತ್ತರವಿರಲಿಲ್ಲ. 2005ರಲ್ಲಿ ಜಪಾನಿನ ಕೊಹ್ಕಿ ಅಕಿಯಾಮಾ ಮತ್ತು ಸಂಗಡಿಗರು ಆ ಉತ್ತರ ಕೊಟ್ಟರು: ಸಸ್ಯ ಕರೆಯುತ್ತಿರುವುದು ಶಿಲೀಂಧ್ರವನ್ನು, ಕಳೆ ಆ ಕರೆಯನ್ನು ಕದ್ದು ಕೇಳಿಸಿಕೊಳ್ಳುತ್ತಿದೆ. ಪಿಕೋಗ್ರಾಂಗಳಲ್ಲಿ ಅಳೆಯುವಷ್ಟು ಅತ್ಯಲ್ಪ ಪ್ರಮಾಣ ಸಾಕು, ಶಿಲೀಂಧ್ರದ ಎಳೆ ದಟ್ಟವಾಗಿ ಕವಲೊಡೆಯಲು ತೊಡಗುತ್ತದೆ, ಅದರ ಮೈಟೊಕಾಂಡ್ರಿಯಗಳು ಚುರುಕಾಗುತ್ತವೆ. 2008ರಲ್ಲಿ ಇದೇ ಅಣು ಸಸ್ಯದೊಳಗೆ ಕಾಂಡದ ಕವಲುಗಳನ್ನು ನಿಯಂತ್ರಿಸುವ ಹಾರ್ಮೋನ್ ಕೂಡ ಹೌದೆಂದು ಗೊತ್ತಾಯಿತು. ನೆಲದಲ್ಲಿ ರಂಜಕ ಇಲ್ಲದಾಗ ಮೇಲೆ ಕವಲು ಕಡಿಮೆ ಮಾಡಿಕೊಂಡು, ಕೆಳಗೆ ನೆರವು ಕರೆಯುವ ಎರಡೂ ಕೆಲಸಗಳನ್ನು ಸಸ್ಯ ಒಂದೇ ಅಣುವಿನಿಂದ ಮಾಡಿಸಿಕೊಳ್ಳುತ್ತದೆ. ಈ ಅಣು ತೇವದ ಮಣ್ಣಿನಲ್ಲಿ ಬೇಗ ಒಡೆದುಹೋಗುತ್ತದೆ ಎಂಬುದೂ ಮುಖ್ಯ. ಬೇಗ ನಾಶವಾಗುವುದರಿಂದಲೇ ಅದು ಇರುವ ಕಡೆ ಜೀವಂತ ಬೇರು ತೀರ ಹತ್ತಿರದಲ್ಲಿದೆ ಎಂದು ಅರ್ಥ; ಸತ್ತ ಬೇರಿನ ಹಳೆಯ ಕರೆ ಶಿಲೀಂಧ್ರದ ದಾರಿ ತಪ್ಪಿಸುವುದಿಲ್ಲ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ, ಕೈಟಿನ್‌ನ ಚಿಕ್ಕ ತುಣುಕುಗಳನ್ನು, ಕೊಬ್ಬಿನ ಬಾಲ ಹೊತ್ತ ಕೈಟಿನ್ ಅಣುಗಳನ್ನು ಅದು ಹೊರಬಿಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕೈಟಿನ್ ಬಹುತೇಕ ಎಲ್ಲ ಶಿಲೀಂಧ್ರಗಳ ಕೋಶಭಿತ್ತಿಯಲ್ಲೂ ಇರುವ, ಸಕ್ಕರೆಯ ಕೊಂಡಿಗಳ ಸರಪಳಿಯಂಥ ವಸ್ತು. ರೋಗ ತರುವ ಶಿಲೀಂಧ್ರವನ್ನು ಸಸ್ಯ ಗುರುತು ಹಿಡಿಯುವುದೂ ಅದರ ತುಣುಕುಗಳಿಂದಲೇ. ಏಳೆಂಟು ಕೊಂಡಿಗಳ ಉದ್ದನೆಯ ತುಣುಕು ರಕ್ಷಣಾ ವ್ಯವಸ್ಥೆಯನ್ನು ಬಲವಾಗಿ ಎಬ್ಬಿಸಿದರೆ, ನಾಲ್ಕೈದು ಕೊಂಡಿಗಳ ತುಣುಕು ಮುಖ್ಯವಾಗಿ ಸಹಜೀವನದ ದಾರಿಯನ್ನು ತೆರೆಯುತ್ತದೆ. ಎರಡನ್ನೂ ಓದುವುದು ಕೋಶಪೊರೆಯ ಮೇಲಿನ ಒಂದೇ ಕುಟುಂಬದ ಗ್ರಾಹಕ ಪ್ರೋಟೀನುಗಳು. ನೆಂಟ ಮತ್ತು ಕಳ್ಳ ಇಬ್ಬರೂ ಒಂದೇ ಬಾಗಿಲನ್ನು ತಟ್ಟುತ್ತಾರೆ, ಯಾರು ಬಂದರೆಂದು ತಟ್ಟಿದ ಬಗೆಯಿಂದಲೇ ತಿಳಿಯಬೇಕು. ಈ ವಿವೇಚನೆ ಪೂರ್ತಿ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಿದೆ.

ಸಂಕೇತ ಮುಟ್ಟಿದ ಮೇಲೆ ಬೇರಿನ ಕೋಶಕೇಂದ್ರದಲ್ಲಿ, ಅಂದರೆ ಜೀನುಗಳಿರುವ ನ್ಯೂಕ್ಲಿಯಸ್ಸಿನಲ್ಲಿ, ಕ್ಯಾಲ್ಸಿಯಂ ಪ್ರಮಾಣ ಲಯಬದ್ಧವಾಗಿ ಏರಿಳಿಯತೊಡಗುತ್ತದೆ. ಕೇಂದ್ರದ ಪೊರೆಯಲ್ಲಿರುವ ಕಾಲುವೆ ಪ್ರೋಟೀನುಗಳು ಈ ಏರಿಳಿತವನ್ನು ಹುಟ್ಟಿಸುತ್ತವೆ. ಕ್ಯಾಲ್ಸಿಯಂ ಅನ್ನು ಗ್ರಹಿಸುವ ಒಂದು ಕೈನೇಸ್ ಕಿಣ್ವ ಅದನ್ನು ಓದಿ, ಸೈಕ್ಲಾಪ್ಸ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಅದು ಸಹಜೀವನದ ಜೀನುಗಳನ್ನು ಎಬ್ಬಿಸುತ್ತದೆ. ದ್ವಿದಳ ಸಸ್ಯಗಳು ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಬೇರಿನ ಗಂಟುಗಳಲ್ಲಿ ಇರಿಸಿಕೊಳ್ಳಲು ಬಳಸುವುದೂ ಇದೇ ಸರಪಳಿಯನ್ನು. ಈ ಕೈನೇಸ್ ಸದಾ ಚಾಲೂ ಇರುವಂತೆ ಜೀನ್ ಬದಲಿಸಿದಾಗ, ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲದೆಯೂ ಬೇರಿನ ಮೇಲೆ ಗಂಟುಗಳು ಮೂಡಿದವು ಎಂದು 2006ರಲ್ಲಿ ತೋರಿಸಲಾಯಿತು. ಶಿಲೀಂಧ್ರದ ಜೊತೆಗಿನ ನಂಟು 40 ಕೋಟಿ ವರ್ಷಗಳಿಗೂ ಹಿಂದಿನದು, ದ್ವಿದಳ ಸಸ್ಯಗಳ ಗಂಟು ಅದಕ್ಕಿಂತ ಎಷ್ಟೋ ಈಚಿನದು. ಅಂದರೆ ಸಾರಜನಕ ಹಿಡಿಯುವ ಆ ಹೆಸರಾಂತ ಗಂಟು ತನ್ನ ಸಂಕೇತವ್ಯವಸ್ಥೆಯನ್ನು ಶಿಲೀಂಧ್ರದ ಸಹಜೀವನದಿಂದ ಎರವಲು ಪಡೆದದ್ದು. ಪಠ್ಯಪುಸ್ತಕಗಳಲ್ಲಿ ರೈಜೋಬಿಯಂಗೆ ಪುಟಗಟ್ಟಲೆ ಜಾಗ ಸಿಕ್ಕಿ, ಅದರ ಹಿರಿಯನಿಗೆ ಒಂದೆರಡು ಸಾಲು ಸಿಗುವುದು ನನಗೆ ಯಾವತ್ತೂ ಅನ್ಯಾಯವೆಂದೇ ಕಂಡಿದೆ. ಸಾಸಿವೆಯ ಕುಟುಂಬದ ಸಸ್ಯಗಳು ಈ ಸಹಜೀವನವನ್ನು ಕೈಬಿಟ್ಟಿವೆ, ಅದರ ಜೊತೆಗೆ ಈ ಸರಪಳಿಯ ಜೀನುಗಳಲ್ಲಿ ಹಲವನ್ನೂ ಕಳೆದುಕೊಂಡಿವೆ ಎಂಬುದು ಈ ನಂಟಿನ ಮತ್ತೊಂದು ಸಾಕ್ಷಿ.

ಶಿಲೀಂಧ್ರದ ಎಳೆಯು ಬೇರಿನ ಮೇಲ್ಮೈಗೆ ಬಂದು ಅಂಟಿಕೊಂಡಾಗ ಆಗುವುದನ್ನು ಇಟಲಿಯ ಆಂಡ್ರಿಯಾ ಜೆನ್ರೆ ಮತ್ತು ಸಹೋದ್ಯೋಗಿಗಳು 2005ರಲ್ಲಿ, ಹೊಳೆಯುವ ಪ್ರೋಟೀನ್ ಸೇರಿಸಿದ ಜೀವಂತ ಕೋಶಗಳಲ್ಲಿ ನೋಡಿದರು. ಎಳೆಯ ತುದಿ ಹೊರಗೆ ಕಾಯುತ್ತಿರುತ್ತದೆ. ಒಳಗೆ ಸಸ್ಯದ ಕೋಶಕೇಂದ್ರ ಮೊದಲು ಆ ಜಾಗದ ಕೆಳಗೆ ಬಂದು ನಿಲ್ಲುತ್ತದೆ; ಬಳಿಕ ಕೋಶದ ಆಚೆಬದಿಗೆ ನಡೆಯತೊಡಗುತ್ತದೆ, ಅದು ಸಾಗಿದ ಹಾದಿಯುದ್ದಕ್ಕೂ ಪೊರೆಗಳ ಮತ್ತು ಕೋಶನಾರುಗಳ ಒಂದು ಸುರಂಗ ರಚನೆಯಾಗುತ್ತದೆ. ಇದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಸುರಂಗ ಸಿದ್ಧವಾದ ಮೇಲಷ್ಟೇ ಶಿಲೀಂಧ್ರ ಒಳಗೆ ಕಾಲಿಡುತ್ತದೆ, ಅದೇ ಹಾದಿಯಲ್ಲಿ ಸಾಗುತ್ತದೆ. ಶಿಲೀಂಧ್ರ ಬೇರನ್ನು ಕೊರೆದುಕೊಂಡು ಹೋಗುತ್ತದೆ ಎಂದು ಹಿಂದೆ ಬರೆಯುತ್ತಿದ್ದೆವು. ದಾರಿ ಹಾಕಿಕೊಡುವುದು ಸಸ್ಯವೇ ಎಂಬುದು ಈಗ ಸ್ಪಷ್ಟ.

ಅರ್ಬಸ್ಕ್ಯೂಲನ್ನು ನೋಡಲು ದುಬಾರಿ ಸಾಧನ ಬೇಕಿಲ್ಲ. ಎಳೆಯ ಬೇರುಗಳನ್ನು ತೊಳೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕಾಯಿಸಿ ಪಾರದರ್ಶಕವಾಗಿಸಿ, ಶಾಯಿ ಬೆರೆಸಿದ ವಿನೆಗರ್‌ನಲ್ಲಿ ಬಣ್ಣ ಹಿಡಿಸಿದರೆ, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಬೇರಿನ ಇಟ್ಟಿಗೆಯಾಕಾರದ ಒಂದೊಂದು ಕೋಶದೊಳಗೂ ನೀಲಿಯ ಪೊದೆಯೊಂದು ಕಾಣುತ್ತದೆ. ಆ ಪೊದೆ ಕೋಶದ ಒಳದ್ರವ್ಯವನ್ನು ಮುಟ್ಟಿರುವುದಿಲ್ಲ. ಅದರ ಸಣ್ಣ ಸಣ್ಣ ಕವಲನ್ನೂ ಸಸ್ಯ ತಾನೇ ಹೊಸದಾಗಿ ಮಾಡಿದ ಪೊರೆಯಿಂದ ಹೊದಿಸಿರುತ್ತದೆ. ಆ ಪೊರೆಯಲ್ಲಿ ರಂಜಕವನ್ನು ಒಳಗೆಳೆದುಕೊಳ್ಳುವ ವಿಶೇಷ ಸಾಗಣೆ ಪ್ರೋಟೀನುಗಳಿರುತ್ತವೆ, ಅವು ಬೇರಿನಲ್ಲಿ ಬೇರೆಲ್ಲೂ ಅಷ್ಟಾಗಿ ಕಾಣುವುದಿಲ್ಲ. ಮಾರಿಯಾ ಹ್ಯಾರಿಸನ್ ಅವರ ಪ್ರಯೋಗಾಲಯ ಈ ಪ್ರೋಟೀನ್ ಕೆಲಸ ಮಾಡದ ಸಸ್ಯಗಳನ್ನು ಪರೀಕ್ಷಿಸಿದಾಗ, ಅರ್ಬಸ್ಕ್ಯೂಲುಗಳು ಪೂರ್ತಿ ಬೆಳೆಯುವ ಮೊದಲೇ ಕರಗಿಹೋದವು. ಸಾಮಾನ್ಯ ಸಸ್ಯದಲ್ಲೂ ಅವುಗಳ ಆಯುಸ್ಸು ಕೆಲವೇ ದಿನ; ರಂಜಕ ತಲುಪದಿದ್ದರೆ ಅಷ್ಟೂ ಇಲ್ಲ. ಸರಕು ಕೊಡದ ಕವಲನ್ನು ಸಸ್ಯ ಕೋಶಕೋಶದ ಮಟ್ಟದಲ್ಲಿ ಗುರುತಿಸಿ ಮುಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಬದಲಿಗೆ ಸಸ್ಯ ಸಕ್ಕರೆ ಕೊಡುತ್ತದೆ ಎಂದು ಎಲ್ಲ ಬರಹಗಳಲ್ಲೂ ಇರುತ್ತದೆ. ಅದು ನಿಜ, ಆದರೆ ಪೂರ್ತಿಯಲ್ಲ. ಈ ಗುಂಪಿನ ಶಿಲೀಂಧ್ರವೊಂದರ ಜೀನೋಮನ್ನು 2013ರಲ್ಲಿ ಓದಿದಾಗ, ಉದ್ದನೆಯ ಕೊಬ್ಬಿನಾಮ್ಲಗಳನ್ನು ಹೊಸದಾಗಿ ತಯಾರಿಸುವ ಮುಖ್ಯ ಕಿಣ್ವದ ಜೀನೇ ಅದರಲ್ಲಿ ಕಾಣಲಿಲ್ಲ. ಆದರೂ ಅದರ ಬೀಜಕಗಳ ತುಂಬ ಕೊಬ್ಬು. 2017ರಲ್ಲಿ ಹಲವು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಈ ಒಗಟನ್ನು ಬಿಡಿಸಿದವು: ಅರ್ಬಸ್ಕ್ಯೂಲ್ ಇರುವ ಕೋಶ 16 ಇಂಗಾಲಗಳ ಕೊಬ್ಬಿನಾಮ್ಲವನ್ನು ತಯಾರಿಸಿ, ವಿಶೇಷ ಸಾಗಣೆದಾರ ಪ್ರೋಟೀನುಗಳ ಮೂಲಕ ಶಿಲೀಂಧ್ರಕ್ಕೆ ಒಪ್ಪಿಸುತ್ತದೆ. ತನ್ನ ಮೈಯ ಪೊರೆಗಳಿಗೆ ಬೇಕಾದ ಕೊಬ್ಬಿಗೂ ಈ ಶಿಲೀಂಧ್ರ ಸಸ್ಯವನ್ನೇ ನೆಚ್ಚಿಕೊಂಡಿದೆ. ಬೇರು ಬಿಟ್ಟು ತಾನೊಂದೇ ಬಾಳುವುದು ಅದಕ್ಕೆ ಏಕೆ ಸಾಧ್ಯವಿಲ್ಲ ಎಂಬ ಹಳೆಯ ಪ್ರಶ್ನೆಗೆ ಇದೊಂದು ಮುಖ್ಯ ಉತ್ತರ.

ಕಾಡಿನ ಪೈನ್, ಓಕ್‌ಗಳ ಕಥೆ ಬೇರೆ. ಅವುಗಳ ಸಂಗಾತಿ ಶಿಲೀಂಧ್ರಗಳಲ್ಲಿ ಹಲವು, ಮರ ಕೊಳೆಸುವ ಶಿಲೀಂಧ್ರಗಳಿಂದ ಬೇರೆ ಬೇರೆ ಕಾಲದಲ್ಲಿ, ಸ್ವತಂತ್ರವಾಗಿ ವಿಕಾಸಗೊಂಡವು. 2008ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮಾರ್ಟಿನ್ ನೇತೃತ್ವದ ತಂಡ ಲಕೇರಿಯಾ ಬೈಕಲರ್ ಎಂಬ ಅಣಬೆಯ ಜೀನೋಮನ್ನು ಪ್ರಕಟಿಸಿತು. ಅದರ ಜೊತೆಗಾರ ಪಾಪ್ಲರ್ ಮರದ ಜೀನೋಮ್ ಎರಡು ವರ್ಷ ಮೊದಲೇ ಬಂದಿತ್ತು. ಸಸ್ಯದ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳಲ್ಲಿ ಬಹುಪಾಲನ್ನು ಆ ಅಣಬೆ ಕಳೆದುಕೊಂಡಿದೆ. 2015ರಲ್ಲಿ ಇಂಥ ಅನೇಕ ಶಿಲೀಂಧ್ರಗಳನ್ನು ಹೋಲಿಸಿದಾಗ ಈ ನಷ್ಟ ಮತ್ತೆ ಮತ್ತೆ ಪ್ರತ್ಯೇಕವಾಗಿ ನಡೆದಿದೆ ಎಂದು ಕಂಡುಬಂತು. ಸುಕ್ರೋಸನ್ನು ಒಡೆಯುವ ಕಿಣ್ವವೂ ಲಕೇರಿಯಾದಲ್ಲಿ ಇಲ್ಲ. ಮರ ತನ್ನ ಕಿಣ್ವದಿಂದ ಅದನ್ನು ಒಡೆದು ಗ್ಲೂಕೋಸ್ ಮಾಡಿಕೊಟ್ಟರಷ್ಟೇ ಅಣಬೆಗೆ ಊಟ.

ಇದೇ ಅಣಬೆಯ ಒಂದು ಪುಟ್ಟ ಪ್ರೋಟೀನಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅದನ್ನು ಮಿಸ್ಪ್–7 ಎನ್ನೋಣ. ಮರದ ಕೋಶಗಳಲ್ಲಿ ಜಾಸ್ಮೋನಿಕ್ ಆಮ್ಲ ಎಂಬ ರಕ್ಷಣಾ ಹಾರ್ಮೋನ್ ಏರಿದಾಗ, ರಕ್ಷಣಾ ಜೀನುಗಳನ್ನು ಅದುಮಿಟ್ಟಿರುವ ಜಾಜ್ ಎಂಬ ಕಾವಲು ಪ್ರೋಟೀನುಗಳು ನಾಶವಾಗುತ್ತವೆ, ರಕ್ಷಣೆ ಎಚ್ಚರಗೊಳ್ಳುತ್ತದೆ. ಅಣಬೆ ಹೊರಸೂಸಿದ ಮಿಸ್ಪ್–7 ಬೇರಿನ ಕೋಶದೊಳಗೆ ಸೇರಿ, ನೇರವಾಗಿ ಕೋಶಕೇಂದ್ರಕ್ಕೆ ಹೋಗಿ, ಪಾಪ್ಲರಿನ ಜಾಜ್–6 ಪ್ರೋಟೀನಿಗೆ ಅಂಟಿಕೊಂಡು ಅದು ನಾಶವಾಗದಂತೆ ಕಾಯುತ್ತದೆ. ಪರಿಣಾಮವಾಗಿ ಕೋಶಭಿತ್ತಿ ಬಿಗಿಯಾಗುವುದಿಲ್ಲ, ಎಳೆಗಳು ಸಂದುಗಳಲ್ಲಿ ನುಸುಳಲು ಅವಕಾಶವಾಗುತ್ತದೆ. ಜೊನಾಥನ್ ಪ್ಲೆಟ್ ಮತ್ತು ಸಂಗಡಿಗರು 2011 ಮತ್ತು 2014ರಲ್ಲಿ ಇದನ್ನು ಪ್ರಕಟಿಸಿದರು. ಈ ಒಂದು ಜೀನಿನ ಬಾಯಿ ಮುಚ್ಚಿಸಿದರೆ ಅಣಬೆಗೆ ಹಾರ್ಟಿಗ್ ಜಾಲ ಹೆಣೆಯಲು ಆಗುವುದಿಲ್ಲ. ರೋಗಕಾರಕಗಳು ಸಸ್ಯದ ರಕ್ಷಣೆಯನ್ನು ಮಣಿಸಲು ಬಳಸುವ ತಂತ್ರಕ್ಕೂ ಇದಕ್ಕೂ ಮೂಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹೀಗಿರುವಾಗ ಈ ಸಂಬಂಧವನ್ನು ಬರಿಯ ಪ್ರೀತಿವಾತ್ಸಲ್ಯವೆಂದು ಬಣ್ಣಿಸಿದರೆ, ಎರಡೂ ಜೀವಿಗಳು ತಮ್ಮ ತಮ್ಮ ಹಿತ ಕಾಯ್ದುಕೊಂಡೇ ಕೋಟ್ಯಂತರ ವರ್ಷ ಜೊತೆಗಿದ್ದ ಸಾಧನೆಯನ್ನೇ ಮರೆಮಾಚಿದಂತಾಗುತ್ತದೆ. ಟೋಬಿ ಕೀರ್ಸ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಅರ್ಬಸ್ಕ್ಯೂಲ್ ಶಿಲೀಂಧ್ರಗಳಲ್ಲಿ ತೋರಿಸಿದಂತೆ, ಹೆಚ್ಚು ರಂಜಕ ಕೊಡುವ ಸಂಗಾತಿಗೆ ಬೇರು ಹೆಚ್ಚು ಇಂಗಾಲ ಕೊಡುತ್ತದೆ, ಹೆಚ್ಚು ಇಂಗಾಲ ಕೊಡುವ ಬೇರಿಗೆ ಶಿಲೀಂಧ್ರ ಹೆಚ್ಚು ರಂಜಕ ಕೊಡುತ್ತದೆ. ಎಲ್ಲ ಜೋಡಿಗಳಲ್ಲೂ ಲೆಕ್ಕ ಇಷ್ಟು ನೇರವಾಗಿರದು ಎಂದು ನಂತರದ ಕೆಲಸಗಳು ತೋರಿಸಿವೆ.

ಇದೆಲ್ಲ ಪ್ರಯೋಗಾಲಯದ ಸಂಗತಿ, ಪತ್ರಿಕೆಯ ಓದುಗರಿಗೆ ಏಕೆ ಎಂದು ಕೆಲವರು ಕೇಳಬಹುದು. ಕಾರಣ ಸರಳವಾಗಿದೆ. ಮಣ್ಣಿಗೆ ರಂಜಕದ ಗೊಬ್ಬರ ಹೆಚ್ಚು ಸುರಿದಾಗ ಸಹಜೀವನ ಕುಗ್ಗುತ್ತದೆ ಎಂಬುದು ಬಹುಕಾಲದಿಂದ ಗೊತ್ತಿತ್ತು. ಅದು ಹೇಗೆಂದು ಭತ್ತದ ಮೇಲಿನ 2021ರಿಂದೀಚಿನ ಅಧ್ಯಯನಗಳು ತೋರಿಸಿಕೊಟ್ಟವು. ರಂಜಕದ ಹಸಿವನ್ನು ಸಾರುವ ಪಿಎಚ್‌ಆರ್ ಎಂಬ ನಿಯಂತ್ರಕ ಪ್ರೋಟೀನೇ ಸಹಜೀವನದ ಜೀನುಗಳನ್ನೂ ಎಬ್ಬಿಸುತ್ತದೆ. ರಂಜಕ ಹೇರಳವಾದಾಗ ಎಸ್‌ಪಿಎಕ್ಸ್ ಎಂಬ ಪ್ರೋಟೀನುಗಳು ಈ ಪಿಎಚ್‌ಆರ್ ಅನ್ನು ಹಿಡಿದು ಕೂರಿಸುತ್ತವೆ. ಕರೆಯ ಅಣು ಕಡಿಮೆಯಾಗುತ್ತದೆ, ಸಂಕೇತ ಓದುವ ಗ್ರಾಹಕಗಳೂ ಕಡಿಮೆಯಾಗುತ್ತವೆ. ಅಂದರೆ ನರ್ಸರಿಯಲ್ಲಿ ಒಂದು ಕೈಯಿಂದ ರಂಜಕ ಸುರಿದು, ಇನ್ನೊಂದು ಕೈಯಿಂದ ಶಿಲೀಂಧ್ರದ ಬೀಜಕಗಳಿರುವ ಮೈಕೊರೈಜಾ ಪುಡಿ ಹಾಕಿದರೆ, ಪುಡಿ ಎಷ್ಟೇ ಒಳ್ಳೆಯದಿದ್ದರೂ ಬೇರು ಅದಕ್ಕೆ ಬಾಗಿಲು ತೆರೆಯುವುದಿಲ್ಲ. ಶಿಲೀಂಧ್ರ ಬೇಕೇ ಬೇಕಾದ ಜಾಗಗಳೂ ಇವೆ. ಪೋರ್ಟೊ ರಿಕೊದಲ್ಲಿ ಪೈನ್ ನೆಡುತೋಪು ಬೆಳೆಸುವ ಪ್ರಯತ್ನಗಳು ಮತ್ತೆ ಮತ್ತೆ ಸೋತು, 1950ರ ದಶಕದಲ್ಲಿ ಪೈನ್ ಕಾಡಿನ ಮಣ್ಣನ್ನು ತಂದು ಸಸಿಗಳ ಬುಡಕ್ಕೆ ಹಾಕಿದ ಮೇಲಷ್ಟೇ ಗಿಡಗಳು ಚೇತರಿಸಿಕೊಂಡವು. ಅಲ್ಲಿನ ಮಣ್ಣಿನಲ್ಲಿ ಪೈನಿಗೆ ಒಗ್ಗುವ ಶಿಲೀಂಧ್ರ ಇರಲಿಲ್ಲ. ಆ ಬಗೆಯ ಶಿಲೀಂಧ್ರ ಆಗಲೇ ಇರುವ ಮಣ್ಣಿಗೆ ಪುಡಿ ಕೊಂಡು ಹಾಕುವುದರಿಂದ ಅಷ್ಟೇ ಲಾಭವಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಮಾರುಕಟ್ಟೆಯ ಪುಡಿಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿದಾಗ, ಹಲವು ಪುಡಿಗಳು ಬೇರಿನೊಳಗೆ ನೆಲೆಯೂರಲೇ ಇಲ್ಲ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ವರದಿ ಮಾಡಿವೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ವಿಷಯದ ಬಗ್ಗೆ ಮುಂದೆ ಲೇಖನ ಪ್ರಕಟಿಸುವಾಗ, ಮರಗಳ ಜಾಲದ ಬಗ್ಗೆ ಎಷ್ಟು ಸಾಬೀತಾಗಿದೆ, ಎಷ್ಟು ಇಲ್ಲ ಎಂಬುದನ್ನು ಲೇಖಕರು ತಿಳಿಸುವಂತೆ ಕೇಳಬೇಕು. ಸ್ಟ್ರೈಗೋಲ್ಯಾಕ್ಟೋನ್, ಕ್ಯಾಲ್ಸಿಯಂ ಏರಿಳಿತ, ಕೊಬ್ಬಿನಾಮ್ಲದ ಸಾಗಣೆ ಇಂಥವನ್ನು ಓದುಗರಿಗೆ ಕಷ್ಟವಾದೀತೆಂದು ಕೈಬಿಡಬಾರದು. ಕೃಷಿ ಪುಟದಲ್ಲಿ ಮೈಕೊರೈಜಾ ಪುಡಿಗಳ ಬಗ್ಗೆ ಬರೆಯುವಾಗ, ಮಣ್ಣಿನ ರಂಜಕದ ಪರೀಕ್ಷೆ ಮಾಡಿಸದೆ ಅವನ್ನು ಬಳಸಬಾರದು ಎಂಬ ಮಾತು ಜೊತೆಯಲ್ಲೇ ಬರಲಿ. ಪೊಟ್ಟಣದ ಮೇಲೆ ಅಚ್ಚಾದ ಬೀಜಕಗಳ ಎಣಿಕೆಯಿಂದ ಅವು ಜೀವಂತವಾಗಿವೆಯೇ ಎಂಬುದು ತಿಳಿಯುವುದಿಲ್ಲ. ಅದೇ ಪುಡಿ ಹಾಕಿ ಬೆಳೆಸಿದ ಸಸಿಯ ಬೇರಿಗೆ ಬಣ್ಣ ಹಿಡಿಸಿ ನೋಡಿದಾಗ ಶೇಕಡಾ ಎಷ್ಟು ಭಾಗದಲ್ಲಿ ಶಿಲೀಂಧ್ರ ನೆಲೆಯೂರಿತ್ತು ಎಂಬ ಫಲಿತಾಂಶವನ್ನು ಮಾರಾಟಗಾರರು ಮುದ್ರಿಸಬೇಕೆಂದು ಪತ್ರಿಕೆ ಒತ್ತಾಯಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಸಸ್ಯವಿಜ್ಞಾನದ ಒಬ್ಬ ಅಧ್ಯಾಪಕ